ಹಸುಗೂಸಿಗೆ ಹಾಲುಣಿಸುವುದು ಹೇಗೆ? ಮನೆಯವರು, ಅಂಗಡಿಯವರು ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ

ಶಿವಮೊಗ್ಗ / ಭದ್ರಾವತಿ: ಆಸ್ಪತ್ರೆಯಿಂದ ಮನೆಗೆ ಬಂದ ಮಗು ರಾತ್ರಿಯಿಡೀ ಅತ್ತರೆ ಮನೆಯವರು ಮೊದಲು ಓಡುವುದು ಮೆಡಿಕಲ್ ಶಾಪ್‌ಗೆ. ‘ಹಾಲು ಸಾಲ್ತಿಲ್ಲ, ಒಂದು ಡಬ್ಬ ಪೌಡರ್ ಕೊಡಿ’ ಅನ್ನುತ್ತಾರೆ. ಆದರೆ ಅನೇಕ ಮನೆಗಳಲ್ಲಿ ತಾಯಿಯ ಹಾಲು ಕಡಿಮೆಯಾಗಲು ಶುರುವಾಗುವುದೇ ಈ ಡಬ್ಬದಿಂದ. ಮಗು ಎಷ್ಟು ಚೀಪುತ್ತದೋ ಅಷ್ಟು ಹಾಲು ಉತ್ಪತ್ತಿಯಾಗುತ್ತದೆ. ಪೌಡರ್ ಹಾಲು ಕುಡಿದು ಮಲಗಿದ ಮಗು ಎದೆ ಚೀಪುವುದಿಲ್ಲ, ಚೀಪದಿದ್ದರೆ ಹಾಲು ಇನ್ನೂ ಇಳಿಯುತ್ತದೆ.

ಮೊದಲ ಹಾಲು ಯಾವಾಗ?

ಮಗು ಹುಟ್ಟಿದ 1 ಗಂಟೆಯೊಳಗೆ ಎದೆಹಾಲು ಶುರುವಾಗಬೇಕು. ಸಿಸೇರಿಯನ್ ಆಗಿದ್ದರೂ ತಾಯಿಗೆ ಎಚ್ಚರವಿದ್ದರೆ ನರ್ಸ್ ಸಹಾಯದಿಂದ ಮಲಗಿದಲ್ಲೇ ಕುಡಿಸಬಹುದು. ಮೊದಲ ಎರಡು ಮೂರು ದಿನ ಬರುವ ಹಳದಿ ಬಣ್ಣದ ಮಂದ ಹಾಲನ್ನು ಕೆಲವರು ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲುತ್ತಾರೆ. ಇದು ದೊಡ್ಡ ನಷ್ಟ. ಹಸು ಕರು ಹಾಕಿದಾಗ ಸಿಗುವ ಗಿಣ್ಣು ಹಾಲಿನಂತೆಯೇ ಇದು, ಮಗುವಿಗೆ ರೋಗ ತಡೆಯುವ ಶಕ್ತಿ ಕೊಡುವುದು ಇದೇ.

ಈ ಹಾಲು ಸ್ವಲ್ಪವೇ ಬರುತ್ತದೆ. ಅದಕ್ಕೆ ಹೆದರಬೇಕಿಲ್ಲ. ಮೊದಲ ದಿನ ಮಗು ಒಂದು ಸಲಕ್ಕೆ ಕುಡಿಯುವುದು ಒಂದು ಟೀ ಚಮಚದಷ್ಟು ಮಾತ್ರ. ಮೂರು ನಾಲ್ಕನೇ ದಿನಕ್ಕೆ ಹಾಲು ತಾನಾಗಿ ಹೆಚ್ಚುತ್ತದೆ.

ದಿನಕ್ಕೆ ಎಷ್ಟು ಸಲ?

ಗಡಿಯಾರ ನೋಡಿ ಕುಡಿಸುವುದಲ್ಲ, ಮಗು ಕೇಳಿದಾಗಲೆಲ್ಲ ಕುಡಿಸಬೇಕು. ಹಗಲು ರಾತ್ರಿ ಸೇರಿ 24 ಗಂಟೆಯಲ್ಲಿ 8ರಿಂದ 12 ಸಲ ಆಗುತ್ತದೆ. ಅಳು ಹಸಿವಿನ ಕೊನೆಯ ಸೂಚನೆ. ಅದಕ್ಕೂ ಮೊದಲೇ ಮಗು ಬಾಯಿ ತೆರೆಯುತ್ತದೆ, ತಲೆ ಅತ್ತಿತ್ತ ತಿರುಗಿಸುತ್ತದೆ, ಕೈ ಚೀಪುತ್ತದೆ. ಆಗಲೇ ಎತ್ತಿಕೊಂಡರೆ ಕುಡಿಸುವುದು ಸುಲಭ. ಮೊದಲ ವಾರಗಳಲ್ಲಿ ಮಗು 3 ಗಂಟೆಗಿಂತ ಹೆಚ್ಚು ನಿದ್ದೆ ಮಾಡಿದರೆ ಎಬ್ಬಿಸಿ ಕುಡಿಸಬೇಕು.

ಹಾಲು ಕಚ್ಚಿಸುವ ರೀತಿಯೂ ಮುಖ್ಯ. ಮಗುವಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗಿರಬೇಕು. ಬಾಯಿ ಅಗಲವಾಗಿ ತೆರೆದು, ತೊಟ್ಟಿನ ಜೊತೆ ಸುತ್ತಲಿನ ಕಪ್ಪು ಭಾಗವೂ ಬಾಯಿಯೊಳಗೆ ಹೋಗಬೇಕು. ಬರೀ ತೊಟ್ಟು ಕಚ್ಚಿದರೆ ತೊಟ್ಟು ಒಡೆಯುತ್ತದೆ, ತಾಯಿಗೆ ನೋವು, ಮಗುವಿಗೆ ಹಾಲೂ ಸಿಗುವುದಿಲ್ಲ. ಎದೆ ಗಟ್ಟಿಯಾಗಿ ಕೆಂಪಾಗಿ ಜ್ವರ ಬಂದರೆ ವೈದ್ಯರಿಗೆ ತೋರಿಸಬೇಕು, ಆದರೆ ಹಾಲುಣಿಸುವುದನ್ನು ನಿಲ್ಲಿಸಬಾರದು.

ಹಾಲು ಸಾಲುತ್ತಿದೆಯಾ? ಲೆಕ್ಕ ಹೀಗೆ

ಅಳುವಿನಿಂದ ಇದನ್ನು ಅಳೆಯಲು ಆಗುವುದಿಲ್ಲ. ಮೂತ್ರ, ಮಲ ಮತ್ತು ತೂಕ ನೋಡಬೇಕು.

• ಮೊದಲ ದಿನ ಕನಿಷ್ಠ ಒಂದು ಸಲ, ಎರಡನೇ ದಿನ ಎರಡು ಸಲ, ಹೀಗೆ ಏರುತ್ತಾ ಐದನೇ ದಿನದ ನಂತರ ದಿನಕ್ಕೆ 6 ಸಲವಾದರೂ ಮೂತ್ರ ಮಾಡಬೇಕು. ಬಣ್ಣ ತಿಳಿಯಾಗಿರಬೇಕು.
• ಮೊದಲು ಕಪ್ಪಗೆ ಅಂಟಂಟಾಗಿರುವ ಮಲ ನಾಲ್ಕೈದು ದಿನದೊಳಗೆ ಹಳದಿಗೆ ತಿರುಗಬೇಕು.
• ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ. 3 ಕೆ.ಜಿ. ಇದ್ದ ಮಗು 200 ಗ್ರಾಂ ಇಳಿದರೆ ಗಾಬರಿ ಬೇಡ. ಆದರೆ ಇಳಿಕೆ 10 ಪರ್ಸೆಂಟ್ ದಾಟಿದರೆ ಅಥವಾ ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಬರದಿದ್ದರೆ ವೈದ್ಯರು ನೋಡಬೇಕು.

‘ಗಂಟ್ಲು ಒಣಗುತ್ತೆ, ಒಂಚೂರು ನೀರು ಹಾಕಿ’

ಬೇಸಿಗೆಯಲ್ಲಿ ಪ್ರತಿ ಮನೆಯಲ್ಲೂ ಕೇಳುವ ಮಾತಿದು. ಎದೆಹಾಲಿನಲ್ಲಿ ನೂರಕ್ಕೆ 87ರಷ್ಟು ನೀರೇ ಇದೆ. ಹಾಗಾಗಿ 6 ತಿಂಗಳು ತುಂಬುವ ತನಕ ಎದೆಹಾಲು ಬಿಟ್ಟು ಬೇರೇನೂ ಬೇಡ, ನೀರೂ ಬೇಡ. ಸೆಕೆ ಹೆಚ್ಚಿದ್ದರೆ ಇನ್ನೆರಡು ಸಲ ಹಾಲು ಕುಡಿಸಿದರೆ ಸಾಕು. ವೈದ್ಯರು ಬರೆದುಕೊಟ್ಟ ವಿಟಮಿನ್ ಡಿ ಹನಿ ಮತ್ತು ಔಷಧಗಳು ಮಾತ್ರ ಇದಕ್ಕೆ ಹೊರತು.

ಸಕ್ಕರೆ ನೀರು, ತೇಯ್ದ ಬಜೆ, ಗ್ರೈಪ್ ವಾಟರ್, ಕತ್ತೆ ಹಾಲು ಯಾವುದೂ ಹಸುಗೂಸಿಗೆ ಬೇಕಿಲ್ಲ. ಜೇನುತುಪ್ಪವನ್ನಂತೂ 1 ವರ್ಷದವರೆಗೆ ನೆಕ್ಕಿಸಲೇಬಾರದು. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಮಗುವಿನ ಕರುಳಲ್ಲಿ ಬೆಳೆದು ವಿಷ ಉತ್ಪತ್ತಿ ಮಾಡಿ, ಸ್ನಾಯುಗಳ ಶಕ್ತಿ ಕುಂದಿಸಿ ಉಸಿರಾಟಕ್ಕೇ ತೊಂದರೆ ಮಾಡಬಹುದು. ಪ್ಯಾಕೆಟ್ ಹಾಲಾಗಲಿ, ಮನೆ ಹಸುವಿನ ಹಾಲಾಗಲಿ, ಎದೆಹಾಲಿನ ಬದಲಿಗೆ 1 ವರ್ಷದೊಳಗಿನ ಮಗುವಿಗೆ ಕೊಡುವಂಥದ್ದಲ್ಲ.

ಬಾಣಂತಿಯ ಊಟ

‘ಬಾಣಂತಿ ನೀರು ಕುಡಿದರೆ ಮಗುವಿಗೆ ಶೀತ’ ಎಂಬುದು ತಪ್ಪು ತಿಳಿವಳಿಕೆ. ಹಾಲುಣಿಸುವ ತಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚು ಆಹಾರ ಬೇಕು. ರಾಗಿ, ಬೇಳೆ, ಸೊಪ್ಪು, ತರಕಾರಿ, ಹಣ್ಣು, ಹಾಲು, ಮೊಟ್ಟೆ ಎಲ್ಲವನ್ನೂ ತಿನ್ನಬಹುದು. ಸಬ್ಬಸಿಗೆ ಸೊಪ್ಪು, ಮೆಂತ್ಯ, ಬೆಳ್ಳುಳ್ಳಿ ಹಾಕಿದ ಬಾಣಂತಿ ಅಡುಗೆ ಒಳ್ಳೆಯದೇ. ಆದರೆ ಪಥ್ಯದ ಹೆಸರಲ್ಲಿ ಬರೀ ಅನ್ನ, ಮೆಣಸಿನ ಸಾರಿಗೆ ನಿಲ್ಲಿಸಿದರೆ ತಾಯಿಯ ಮೈ ಸೋಲುತ್ತದೆ. ಮಾತೃಪೂರ್ಣ ಯೋಜನೆಯಡಿ ಅಂಗನವಾಡಿಗಳಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಪೌಷ್ಟಿಕ ಆಹಾರ ಸಿಗುತ್ತದೆ.

ಕೆಲಸಕ್ಕೆ ಹೋಗುವ ತಾಯಂದಿರು

ಹಾಲನ್ನು ಕೈಯಿಂದ ಹಿಂಡಿ, ಕುದಿಸಿ ಸ್ವಚ್ಛ ಮಾಡಿದ ಸ್ಟೀಲ್ ಲೋಟದಲ್ಲಿ ಮುಚ್ಚಿಡಬಹುದು. ಹೊರಗೆ 4 ಗಂಟೆ, ಫ್ರಿಜ್‌ನಲ್ಲಿ 24 ಗಂಟೆಯೊಳಗೆ ಬಳಸಬೇಕು. ಬೇಸಿಗೆಯಲ್ಲಿ ಹೊರಗಿಡದಿರುವುದೇ ವಾಸಿ. ಒಲೆ ಮೇಲೆ ಕಾಯಿಸಬಾರದು, ಬಿಸಿನೀರಿನ ಪಾತ್ರೆಯಲ್ಲಿ ಲೋಟ ಇಟ್ಟು ಬೆಚ್ಚಗೆ ಮಾಡಬೇಕು. ಕುಡಿಸಲು ಬಾಟಲಿಗಿಂತ ಅಜ್ಜಿಯರ ಕಾಲದ ಒಳಲೆಯೇ ಒಳ್ಳೆಯದು, ತೊಳೆಯುವುದೂ ಸುಲಭ. ಬಾಟಲಿಯ ನಿಪ್ಪಲ್‌ನಲ್ಲಿ ಕೊಳೆ ಉಳಿದರೆ ವಾಂತಿ ಭೇದಿ ಗ್ಯಾರಂಟಿ ಅನ್ನುವಷ್ಟು ಅಪಾಯ.

ಪೌಡರ್ ಹಾಲು ಕೊಡಲೇಬೇಕಾದಾಗ

ತಾಯಿ ಇಲ್ಲದ ಮಗು, ತಾಯಿಗೆ ಕೆಲವು ತೀವ್ರ ಕಾಯಿಲೆ, ಇಂಥ ಸಂದರ್ಭಗಳಲ್ಲಿ ವೈದ್ಯರೇ ಬರೆದುಕೊಡುತ್ತಾರೆ. ಆಗ ತಪ್ಪಿತಸ್ಥ ಭಾವ ಬೇಡ, ಅಳತೆ ಮಾತ್ರ ತಪ್ಪಬಾರದು. ಡಬ್ಬ ಹೆಚ್ಚು ದಿನ ಬರಲಿ ಎಂದು ನೀರು ಜಾಸ್ತಿ ಮಾಡಿದರೆ ಮಗು ಹೊಟ್ಟೆ ತುಂಬಿದಂತೆ ಕಂಡರೂ ಸೊರಗುತ್ತದೆ. ಗಟ್ಟಿ ಮಾಡಿದರೆ ಮೂತ್ರಪಿಂಡಕ್ಕೆ ಹೊರೆ. ಡಬ್ಬದ ಮೇಲಿನ ಅಳತೆಯಂತೆ ಕುದಿಸಿದ ನೀರಿನಲ್ಲಿ ಕಲಸಿ, ಚೆನ್ನಾಗಿ ಆರಿಸಿ ಕುಡಿಸಬೇಕು. 2 ಗಂಟೆಯೊಳಗೆ ಬಳಸದ್ದನ್ನು, ಮಗು ಕುಡಿದು ಉಳಿಸಿದ್ದನ್ನು ಚೆಲ್ಲಬೇಕು.

ಅಂಗಡಿಯವರಿಗೆ ಕಾನೂನು ಏನು ಹೇಳುತ್ತದೆ?

ಶಿಶು ಹಾಲಿನ ಪೌಡರ್, ಹಾಲಿನ ಬಾಟಲಿ ಮತ್ತು ಶಿಶು ಆಹಾರದ ಮೇಲೆ 1992ರ ಕೇಂದ್ರ ಕಾಯ್ದೆ ಇದೆ. 2003ರಲ್ಲಿ ತಿದ್ದುಪಡಿಯಾಗಿ, 2 ವರ್ಷದವರೆಗಿನ ಮಕ್ಕಳ ಉತ್ಪನ್ನಗಳಿಗೆ ಅನ್ವಯಿಸುತ್ತದೆ. ಮಾರಾಟಕ್ಕೆ ಅಡ್ಡಿಯಿಲ್ಲ, ಪ್ರಚಾರಕ್ಕೆ ಅಡ್ಡಿಯಿದೆ. ಗಾಂಧಿ ಬಜಾರ್‌ನ ದೊಡ್ಡ ಅಂಗಡಿಗೂ, ಹಳ್ಳಿಯ ಸಣ್ಣ ಕಿರಾಣಿಗೂ ಇದು ಒಂದೇ.

• ಇವುಗಳ ಜಾಹೀರಾತು ಮಾಡುವಂತಿಲ್ಲ. ಎದೆಹಾಲಿಗೆ ಸಮ ಅಥವಾ ಅದಕ್ಕಿಂತ ಉತ್ತಮ ಎಂಬ ಭಾವನೆ ಮೂಡಿಸುವಂತಿಲ್ಲ.
• ಮಾರಾಟ ಹೆಚ್ಚಿಸಲು ಉಚಿತ ಸ್ಯಾಂಪಲ್, ಡಬ್ಬದ ಜೊತೆ ಬಟ್ಟಲು, ಚಮಚದಂಥ ಗಿಫ್ಟ್, ಇತರ ಆಮಿಷ ಕೊಡುವಂತಿಲ್ಲ.
• ಡಬ್ಬದ ಮೇಲೆ ಮಗುವಿನ ಅಥವಾ ತಾಯಿಯ ಚಿತ್ರ ಇರುವಂತಿಲ್ಲ.
• ಪ್ರಚಾರ ಮತ್ತು ಆಮಿಷದ ನಿಯಮ ಮೀರಿದರೆ 3 ವರ್ಷದವರೆಗೆ ಜೈಲು, ₹5,000ದವರೆಗೆ ದಂಡ ಅಥವಾ ಎರಡೂ ಆಗಬಹುದು.

ರಾತ್ರಿ ಗಾಬರಿಯಲ್ಲಿ ಬಂದ ಅಪ್ಪನಿಗೆ ‘ಡಾಕ್ಟ್ರು ಬರೆದಿದ್ದಾರಾ?’ ಎಂದು ಒಂದು ಮಾತು ಕೇಳುವುದು ಅಂಗಡಿಯವರಿಂದ ಆಗುವ ಕೆಲಸ. ಬಟ್ಟೆ ಅಂಗಡಿಯವರು ಟ್ರಯಲ್ ರೂಮ್ ಪಕ್ಕ ಒಂದು ಕುರ್ಚಿ ಹಾಕಿದರೆ ಹಾಲುಣಿಸುವ ತಾಯಿಗೆ ದೊಡ್ಡ ಅನುಕೂಲ.

ಯಾರನ್ನು ಕೇಳಬೇಕು?

ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೇ ದಿನ ಭೇಟಿ ಕೊಟ್ಟು ಮಗುವಿನ ತೂಕ ನೋಡಬೇಕು. ಇಲ್ಲೊಂದು ತೊಡಕಿದೆ. ಶಿವಮೊಗ್ಗದಲ್ಲಿ ತಾಯಿ ಕಾರ್ಡ್ ಮಾಡಿಸಿದವರು ಬಾಣಂತನಕ್ಕೆ ಭದ್ರಾವತಿಯ ತವರಿಗೆ ಹೋದರೆ, ಅಲ್ಲಿನ ಆಶಾಗೆ ವಿಷಯವೇ ತಿಳಿದಿರುವುದಿಲ್ಲ. ತವರಿಗೆ ಹೋದ ದಿನವೇ ಆ ಏರಿಯಾದ ಅಂಗನವಾಡಿ ಅಥವಾ ಆರೋಗ್ಯ ಕೇಂದ್ರಕ್ಕೆ ತಿಳಿಸಿ ತಾಯಿ ಕಾರ್ಡ್ ತೋರಿಸಬೇಕು.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣ

• ಹಾಲು ಕುಡಿಯದಿರುವುದು, ಎಬ್ಬಿಸಿದರೂ ಏಳದೆ ಮಂಕಾಗಿರುವುದು
• 8 ಗಂಟೆ ಕಳೆದರೂ ಮೂತ್ರ ಮಾಡದಿರುವುದು
• ಜ್ವರ, ಇಲ್ಲವೇ ಮೈ ತಣ್ಣಗಾಗುವುದು
• ವೇಗದ ಉಸಿರಾಟ, ಉಸಿರಾಡುವಾಗ ಎದೆ ಒಳಗೆ ಹೋಗುವುದು
• ಮೊದಲ ದಿನವೇ ಮೈ ಹಳದಿಯಾಗುವುದು, ಅಥವಾ ನಂತರ ಅಂಗೈ ಅಂಗಾಲಿಗೂ ಹಳದಿ ಬರುವುದು
• ಹಸಿರು ವಾಂತಿ, ಫಿಟ್ಸ್

ಭದ್ರಾವತಿಯವರು ತಾಲೂಕು ಸರ್ಕಾರಿ ಆಸ್ಪತ್ರೆಗೆ, ಶಿವಮೊಗ್ಗದವರು ಮೆಗ್ಗಾನ್ ಆಸ್ಪತ್ರೆಗೆ ಹೋಗಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ 1 ವರ್ಷದವರೆಗಿನ ಅನಾರೋಗ್ಯಪೀಡಿತ ಶಿಶುಗಳಿಗೆ ಚಿಕಿತ್ಸೆ ಉಚಿತ. ದಾರಿಯಲ್ಲಿ ಮಗುವನ್ನು ತಾಯಿಯ ಎದೆಗೆ ಒತ್ತಿ ಬೆಚ್ಚಗೆ ಹಿಡಿದಿರಬೇಕು, ಮಗು ಕುಡಿಯುವಂತಿದ್ದರೆ ಹಾಲು ಕೊಡುತ್ತಿರಬೇಕು. ಆಂಬುಲೆನ್ಸ್‌ಗೆ 108, ಆರೋಗ್ಯ ಸಲಹೆಗೆ 104ಕ್ಕೆ ಕರೆ ಮಾಡಬಹುದು.