ತಂತಿಗೆ ವಿದ್ಯುತ್ತು, ಗಮಕಕ್ಕೆ ಆಯುಸ್ಸು: ಕರ್ನಾಟಕ ಸಂಗೀತದಲ್ಲಿ ಹೊಸ ವಾದ್ಯಗಳ ಚರಿತ್ರೆ

ಹೊರಗಿನಿಂದ ಬಂದ ವಾದ್ಯವೊಂದು ಕರ್ನಾಟಕ ಸಂಗೀತದಲ್ಲಿ ನೆಲೆಯೂರಬೇಕಾದರೆ ಅದು ಗಮಕಕ್ಕೆ, ಅಂದರೆ ಸ್ವರವನ್ನು ಅಲುಗಿಸಿ, ಜಾರಿಸಿ, ನೆರೆಯ ಸ್ವರದ ನೆರಳು ಅದರ ಮೇಲೆ ಬೀಳುವಂತೆ ನುಡಿಸುವ ಕ್ರಮಕ್ಕೆ ಒಗ್ಗಬೇಕು ಎಂಬುದು ಈ ಪರಂಪರೆಯ ಬರೆಯದ ನಿಯಮ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬಾಲುಸ್ವಾಮಿ ದೀಕ್ಷಿತರೂ ವಡಿವೇಲು ಅವರೂ ಕೈಗೆತ್ತಿಕೊಂಡ ಯುರೋಪಿನ ಪಿಟೀಲಿಗೆ ಮೆಟ್ಟಿಲುಗಳಿರಲಿಲ್ಲವಾದ್ದರಿಂದ, ಬೆರಳು ತಂತಿಯ ಮೇಲೆ ತಡೆಯಿಲ್ಲದೆ ಜಾರಿ ಗಾಯಕರ ಕಂಠವನ್ನು ಹಿಂಬಾಲಿಸುವುದು ಸಾಧ್ಯವಾಯಿತು. ಇದಕ್ಕೆ ವ್ಯತಿರಿಕ್ತವಾಗಿ, ಮನೆಗಳಿಗೆ ನಿಗದಿಯಾದ ಸ್ವರಗಳನ್ನಷ್ಟೇ ಕೊಡಬಲ್ಲ ಹಾರ್ಮೋನಿಯಂ ಗಮಕವನ್ನು ನುಡಿಸಲಾರದು ಎಂಬ ಆಕ್ಷೇಪಕ್ಕೆ ಗುರಿಯಾಯಿತು. 1940ರಲ್ಲಿ ಆಕಾಶವಾಣಿಯೇ ಅದನ್ನು ನಿಷೇಧಿಸಿತು.

ಗಮಕದ ಜೊತೆಗೆ ಇದ್ದ ಇನ್ನೊಂದು ಪ್ರಶ್ನೆ ನಾದದ ಪ್ರಮಾಣದ್ದು. ಧ್ವನಿವರ್ಧಕಗಳು ಬಳಕೆಗೆ ಬರುವ ಮೊದಲು ಪಿಟೀಲಿನ ನಾದ ಸಭೆಯ ಹಿಂದಿನ ಸಾಲಿಗೆ ತಲುಪುತ್ತಿರಲಿಲ್ಲ. ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದ ಮೈಸೂರಿನ ಟಿ. ಚೌಡಯ್ಯನವರು (1895–1967) ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿದ್ದು ಈ ಕೊರತೆಯನ್ನು ನೀಗಲೆಂದೇ. ವಿದ್ಯುತ್ತಿನ ನೆರವಿಲ್ಲದೆಯೇ ನಾದವನ್ನು ಹಿಗ್ಗಿಸುವ ಈ ಪ್ರಯತ್ನವನ್ನು ಮುಂದೆ ಬಂದ ವಿದ್ಯುತ್ ವಾದ್ಯಗಳ ಪೂರ್ವರಂಗವೆಂದು ಪರಿಗಣಿಸುವುದು ಯುಕ್ತ.

ವಿದ್ಯುತ್ ಮ್ಯಾಂಡೊಲಿನ್ ಈ ಎರಡೂ ಪ್ರಶ್ನೆಗಳಿಗೆ ಒಟ್ಟಿಗೆ ಉತ್ತರ ಕೊಟ್ಟಿತು. ಸಾಮಾನ್ಯ ಮ್ಯಾಂಡೊಲಿನ್‌ನಲ್ಲಿ ಎಂಟು ತಂತಿಗಳು ನಾಲ್ಕು ಜೋಡಿಗಳಾಗಿರುತ್ತವೆ. ಮೀಟಿದ ಸ್ವರ ಕ್ಷಣಮಾತ್ರದಲ್ಲಿ ಕ್ಷೀಣಿಸುವುದರಿಂದ ಮತ್ತು ಜೋಡಿ ತಂತಿಗಳನ್ನು ಎಳೆದು ನುಡಿಸುವುದು ಕಷ್ಟವಾದ್ದರಿಂದ ಅದರಲ್ಲಿ ದೀರ್ಘ ಗಮಕ ನಿಲ್ಲುವುದಿಲ್ಲ. ಆಂಧ್ರದ ಪಾಲಕೊಲ್ಲಿನಲ್ಲಿ ಹುಟ್ಟಿದ ಯು. ಶ್ರೀನಿವಾಸ್ (1969–2014) ಜೋಡಿಗಳನ್ನು ಬಿಟ್ಟು ಐದು ಒಂಟಿ ತಂತಿಗಳ ವಿದ್ಯುತ್ ವಾದ್ಯವನ್ನು ಆರಿಸಿಕೊಂಡರು. ಇಂತಹ ವಾದ್ಯದಲ್ಲಿ ಉಕ್ಕಿನ ತಂತಿಯ ಕಂಪನವು ಅದರ ಕೆಳಗಿರುವ ಅಯಸ್ಕಾಂತದ ಕ್ಷೇತ್ರವನ್ನು ಕದಲಿಸಿ, ಸುತ್ತಿದ ತಾಮ್ರದ ಸುರುಳಿಯಲ್ಲಿ ಸೂಕ್ಷ್ಮ ವಿದ್ಯುತ್ ಪ್ರವಾಹವನ್ನು ಹುಟ್ಟಿಸುತ್ತದೆ. ಅದು ವರ್ಧಕದ ಮೂಲಕ ಹಿಗ್ಗುವುದರಿಂದ, ಒಂದೇ ಮೀಟಿನಲ್ಲಿ ಎರಡು ಮೂರು ಸ್ವರಗಳಿಗೆ ಜಾರುವಷ್ಟು ಹೊತ್ತು ನಾದ ಕಿವಿಗೆ ಕೇಳುತ್ತಿರುತ್ತದೆ. ಗುರು ರುದ್ರರಾಜು ಸುಬ್ಬರಾಜು ಅವರು ಮ್ಯಾಂಡೊಲಿನ್ ನುಡಿಸದೆ ಹಾಡಿಯೇ ಪಾಠ ಹೇಳಿದ್ದರಿಂದ, ಶಿಷ್ಯನ ಬೆರಳು ಮೊದಲ ದಿನದಿಂದಲೂ ಕಂಠದ ದಾರಿಯನ್ನೇ ಹಿಡಿಯಿತು.

ಲಯದ ದಿಕ್ಕಿನಿಂದ ನಡೆದ ಪ್ರಯೋಗಗಳೂ ಇದೇ ಕಾಲದವು. ವಿದ್ಯುತ್ ಗಿಟಾರ್‌ನಿಂದ ಹೆಸರಾಗಿದ್ದ ಇಂಗ್ಲೆಂಡಿನ ಜಾನ್ ಮೆಕ್‌ಲಾಫ್ಲಿನ್, ಪಿಟೀಲಿನ ಎಲ್. ಶಂಕರ್, ತಬಲದ ಜಾಕಿರ್ ಹುಸೇನ್, ಘಟದ ಟಿ.ಎಚ್. ವಿನಾಯಕರಾಮ್ ಅವರು ಕೂಡಿದ ‘ಶಕ್ತಿ’ ತಂಡದ ಮೊದಲ ಧ್ವನಿಮುದ್ರಿಕೆ 1976ರಲ್ಲಿ ಹೊರಬಂದಿತು. ಮೆಕ್‌ಲಾಫ್ಲಿನ್ ಅಲ್ಲಿ ವಿದ್ಯುತ್ ವಾದ್ಯವನ್ನು ಬದಿಗಿಟ್ಟು, ತಂತಿಯನ್ನು ಎಳೆದು ನುಡಿಸಲು ಅನುಕೂಲವಾಗುವಂತೆ ಮೆಟ್ಟಿಲುಗಳ ನಡುವೆ ಹಳ್ಳ ತೋಡಿಸಿದ ಮರದ ಗಿಟಾರ್ ಹಿಡಿದದ್ದು ಗಮನಾರ್ಹ. ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಸ್ಥಾಪಿಸಿದ ಕರ್ನಾಟಕ ತಾಳವಾದ್ಯ ಕಾಲೇಜು, ಗಾಯಕಿ ಆರ್.ಎ. ರಮಾಮಣಿ ಅವರೊಂದಿಗೆ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರ ಜೊತೆಗೂಡಿ 1983ರಲ್ಲಿ ‘ಜ್ಯೋತಿ’ಯನ್ನು ಧ್ವನಿಮುದ್ರಿಸಿತು.

ಇಂತಹ ಕೂಡುವಿಕೆಗೆ ತಳಹದಿಯಾದದ್ದು ತಾಳದ ಲೆಕ್ಕಾಚಾರ. ಆದಿತಾಳದ 8 ಎಣಿಕೆಗಳನ್ನು ನಾಲ್ಕು ನಾಲ್ಕಾಗಿ ಒಡೆದರೆ ಒಂದು ಆವರ್ತಕ್ಕೆ 32 ಮಾತ್ರೆಗಳಾಗುತ್ತವೆ. ‘ತದಿಗಿಣತೊಂ’ ಎಂಬ ಐದಕ್ಷರದ ಸೊಲ್ಲನ್ನು ಎರಡು ಸಲ ಹೇಳಿದರೆ 10 ಮಾತ್ರೆ. ಈ ಹತ್ತನ್ನು ಮೂರು ಸಲ ನುಡಿಸಿ, ನಡುವೆ ಒಂದೊಂದು ಮಾತ್ರೆಯ ಕಾರ್ವೆಯನ್ನು, ಅಂದರೆ ಬಿಡುವನ್ನು, ಎರಡು ಕಡೆ ಇಟ್ಟರೆ 32 ತುಂಬಿ, ಮುಕ್ತಾಯವು ವಾದಕರನ್ನು ಮುಂದಿನ ಆವರ್ತದ ಮೊದಲ ಏಟಿಗೆ ಸರಿಯಾಗಿ ತಂದು ಒಪ್ಪಿಸುತ್ತದೆ. ರಾಗದ ಪರಿಚಯವಿಲ್ಲದ ಜಾಜ಼್ ವಾದಕರಿಗೂ ಈ ಲೆಕ್ಕವನ್ನು ಬಾಯಲ್ಲಿ ಹೇಳಿಯೇ ಕಲಿಸಬಹುದಾದ್ದರಿಂದ, ಭಾಷೆ ಬೇರೆಯಾದ ಕಲಾವಿದರು ಲಯದಲ್ಲಿ ಬಹುಬೇಗ ಒಂದಾದರು.

ವಾದ್ಯ ಎಲ್ಲಿಯದು, ಅದಕ್ಕೆ ವಿದ್ಯುತ್ತು ಹರಿದಿದೆಯೇ ಎಂಬುದರಿಂದ ಹೊಸ ಪ್ರಯೋಗದ ಬೆಲೆ ನಿರ್ಧಾರವಾಗುವುದಿಲ್ಲವೆಂದು ಈ ಚರಿತ್ರೆ ಸ್ಪಷ್ಟಪಡಿಸುತ್ತದೆ. ಗಮಕ ಉಳಿದು, ತಾಳದ ಲೆಕ್ಕ ತಪ್ಪದಿದ್ದಲ್ಲಿ ಪರಂಪರೆ ಬೆಳೆದಿದೆ. ಗಮಕ ಅಳಿಸಿಹೋಗಿ ವೇಗವೂ ಅಬ್ಬರವೂ ಮಾತ್ರ ಉಳಿದಲ್ಲಿ ರಾಗದ ಹೆಸರಷ್ಟೇ ಉಳಿದಿದೆ. ಒಂದು ಕಾಲಕ್ಕೆ ಹೊಸತಾಗಿದ್ದ ಏಳು ತಂತಿಯ ಪಿಟೀಲಿನ ಆಕಾರದಲ್ಲಿಯೇ ಇಂದು ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನ ನಿಂತಿದೆ.