ಚಾಮುಂಡಿ ಬೆಟ್ಟ

ಮೈಸೂರು ನಗರದ ಆಗ್ನೇಯ ಅಂಚಿನ ಒಂಟಿ ಬೆಟ್ಟ. ಸಮುದ್ರಮಟ್ಟದಿಂದ ಎತ್ತರ ಸುಮಾರು 1,060 ಮೀಟರ್. ಪಶ್ಚಿಮದ ಸಹ್ಯಾದ್ರಿ ಶ್ರೇಣಿಗೆ ಇದು ಸೇರಿಲ್ಲ. ಸುಮಾರು 80 ಕೋಟಿ ವರ್ಷಗಳ ಹಿಂದೆ ಶಿಲಾಪಾಕ ನೆಲದಾಳದಲ್ಲೇ ತಣಿದು ಗಟ್ಟಿಯಾದ ಗ್ರಾನೈಟ್, ಮೇಲ್ಪದರ ಸವೆದಂತೆ ಬೆಟ್ಟವಾಗಿ ಹೊರಬಿದ್ದಿದೆ.

ಹಳೆಯ ಹೆಸರು ಮಹಾಬಲಾದ್ರಿ. ಅದಕ್ಕೆ ಕಾರಣವಾದ ಮಹಾಬಲೇಶ್ವರ ಗುಡಿ ಈಗಿನ ಚಾಮುಂಡೇಶ್ವರಿ ದೇಗುಲಕ್ಕಿಂತ ಪುರಾತನ; ಪಕ್ಕದಲ್ಲೇ ಇದ್ದರೂ ದರ್ಶನದ ಸಾಲಿನಲ್ಲಿರುವ ಬಹುಪಾಲು ಜನ ಅತ್ತ ತಿರುಗುವುದಿಲ್ಲ. ಸುಮಾರು 1,000 ಮೆಟ್ಟಿಲುಗಳನ್ನೂ ನಡುದಾರಿಯ ಏಕಶಿಲಾ ನಂದಿಯನ್ನೂ ಮಾಡಿಸಿದವರು ದೊಡ್ಡದೇವರಾಜ ಒಡೆಯರು (ಆಳ್ವಿಕೆ 1659–73). ಚಾಮುಂಡೇಶ್ವರಿ ದೇಗುಲದ ಇಂದಿನ ಗೋಪುರ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು.

ಇಳಿಜಾರಿನ ಕುರುಚಲು ಕಾಡಿನಲ್ಲಿ ಚಿರತೆ, ನವಿಲು ಉಂಟು. ಅದೇ ಇಳಿಜಾರಿನಲ್ಲಿ 2021ರ ಮಳೆಗೆ ನಂದಿಯತ್ತ ಹೋಗುವ ರಸ್ತೆಯ ಒಂದು ಭಾಗ ಕುಸಿಯಿತು.