ಸಮಿತಿ ಸೇರಿಸಿದ ಪದ, ಸಮಿತಿ ಕೈಬಿಟ್ಟ ಹಕ್ಕು

ವಾಕ್ ಸ್ವಾತಂತ್ರ್ಯದ ಮೇಲೆ ಸರ್ಕಾರ ಹೇರುವ ನಿರ್ಬಂಧ ‘ಯುಕ್ತ’ವಾಗಿರಬೇಕು ಎನ್ನುತ್ತದೆ ನಮ್ಮ ಸಂವಿಧಾನದ 19(2)ನೇ ವಿಧಿ. 1950ರ ಮೂಲ ಪಠ್ಯದಲ್ಲಿ ಆ ಉಪವಿಧಿಗೆ ಈ ಪದ ಇರಲಿಲ್ಲ. 1951ರ ಮೇ ತಿಂಗಳಲ್ಲಿ ನೆಹರೂ ಮಂಡಿಸಿದ ಮೊದಲ ತಿದ್ದುಪಡಿ ಮಸೂದೆಯಲ್ಲೂ ಇರಲಿಲ್ಲ. ರೋಮೇಶ್ ಥಾಪರ್ ಅವರ ‘ಕ್ರಾಸ್ ರೋಡ್ಸ್’ ಪತ್ರಿಕೆಗೆ ಮದ್ರಾಸ್ ಸರ್ಕಾರ ಹೇರಿದ್ದ ತಡೆಯನ್ನು ಸುಪ್ರೀಂ ಕೋರ್ಟ್ ಹಿಂದಿನ ವರ್ಷವಷ್ಟೇ ರದ್ದು ಮಾಡಿತ್ತು. ಸಾರ್ವಜನಿಕ ಸುವ್ಯವಸ್ಥೆಯಂಥ ಹೊಸ ಕಾರಣಗಳನ್ನು ಸೇರಿಸಿ ತನ್ನ ಕೈ ಬಲಪಡಿಸಿಕೊಳ್ಳುವುದು ಸರ್ಕಾರದ ಉದ್ದೇಶವಾಗಿತ್ತು. ಮಸೂದೆ ಆಯ್ಕೆ ಸಮಿತಿಗೆ ಹೋಯಿತು. ಹೃದಯನಾಥ ಕುಂಜ್ರು, ಶ್ಯಾಮಪ್ರಸಾದ ಮುಖರ್ಜಿಯಂಥವರು ಭಿನ್ನಮತ ದಾಖಲಿಸಿದರು. ಮಸೂದೆ ಹೊರಬಂದಾಗ ‘ಯುಕ್ತ’ ಎಂಬ ಪದ ಅದರೊಳಗಿತ್ತು. ನಿರ್ಬಂಧ ಯುಕ್ತವೋ ಅಲ್ಲವೋ ಎಂದು ತೂಗುವ ಅಧಿಕಾರ ಇದರಿಂದ ನ್ಯಾಯಾಲಯದ ಪಾಲಿಗೆ ಉಳಿಯಿತು. 2015ರಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ಬಿದ್ದುಹೋದಾಗ ನ್ಯಾಯಪೀಠ ಒರೆಗಲ್ಲಾಗಿ ಹಿಡಿದದ್ದು ಇದೇ 19(2)ನೇ ವಿಧಿಯನ್ನು.

ಸಮಿತಿಗಳು ಹಕ್ಕನ್ನು ಕೈಬಿಟ್ಟದ್ದೂ ಉಂಟು. 1947ರಲ್ಲಿ ಆಚಾರ್ಯ ಕೃಪಲಾನಿ ಅಧ್ಯಕ್ಷತೆಯ ಮೂಲಭೂತ ಹಕ್ಕುಗಳ ಉಪಸಮಿತಿ ಪತ್ರವ್ಯವಹಾರದ ಗೋಪ್ಯತೆಯನ್ನು ಹಕ್ಕುಗಳ ಪಟ್ಟಿಗೆ ಸೇರಿಸಿತ್ತು. ಪೊಲೀಸರ ತನಿಖೆಗೆ ತೊಡಕಾಗುತ್ತದೆಂದು ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಅವರೂ ಮಂಗಳೂರು ಮೂಲದ ಸಾಂವಿಧಾನಿಕ ಸಲಹೆಗಾರ ಬಿ.ಎನ್. ರಾವ್ ಅವರೂ ಆಕ್ಷೇಪಿಸಿದರು. ಸರ್ದಾರ್ ಪಟೇಲರ ಸಲಹಾ ಸಮಿತಿಯ ಹಂತದಲ್ಲಿ ಆ ಸಾಲು ಬಿಟ್ಟುಹೋಯಿತು. ಖಾಸಗಿತನವೂ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳು ಸಾರಲು ಎಪ್ಪತ್ತು ವರ್ಷ ಬೇಕಾಯಿತು. 2017ರ ಆ ತೀರ್ಪಿಗೆ ಕಾರಣರಾದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಎಪ್ಪತ್ತರ ದಶಕದಲ್ಲಿ ಸಂಸದೀಯ ಸಮಿತಿಯ ದಾರಿಯೇ ಮುಚ್ಚಿದಂತಾಯಿತು. 1971ರ 24ನೇ ತಿದ್ದುಪಡಿ ಲೋಕಸಭೆಯಲ್ಲಿ ಒಂದೇ ವಾರದಲ್ಲಿ ಮುಗಿಯಿತು. ಅದನ್ನೂ ಅದರ ನಂತರದವನ್ನೂ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿಯವರ ಪ್ರಕರಣದಲ್ಲಿ ಪರಿಶೀಲಿಸಿದ ಸುಪ್ರೀಂ ಕೋರ್ಟ್, 1973ರಲ್ಲಿ ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದಿತು. 1976ರ 42ನೇ ತಿದ್ದುಪಡಿಯದು ಇನ್ನೂ ನೋವಿನ ಕಥೆ. ವಿರೋಧ ಪಕ್ಷಗಳ ನಾಯಕರು ಅನೇಕರು ಜೈಲಿನಲ್ಲಿದ್ದರು. 59 ಖಂಡಗಳ ಮಸೂದೆಯ ರೂಪುರೇಷೆ ಹಾಕಿದ್ದು ಕಾಂಗ್ರೆಸ್ ಪಕ್ಷದ ಸ್ವರಣ್ ಸಿಂಗ್ ಸಮಿತಿ. ಸಂಸತ್ತಿನ ಯಾವ ಸಮಿತಿಯೂ ಅದನ್ನು ಬಿಡಿಸಿ ನೋಡಲಿಲ್ಲ. ಅದು ಮಾಡಿದ ಹಾನಿಯನ್ನು ತೊಳೆಯಲು 43, 44ನೇ ತಿದ್ದುಪಡಿಗಳೂ ಮಿನರ್ವಾ ಮಿಲ್ಸ್ ತೀರ್ಪೂ ಬೇಕಾದವು.

ಸದನದಲ್ಲಿ ಪಕ್ಷದ ವಿಪ್ ಇರುತ್ತದೆ, ಕ್ಯಾಮೆರಾ ಇರುತ್ತದೆ. ಸಮಿತಿ ಸಭೆಗೆ ಇವೆರಡೂ ಇಲ್ಲ. ಅಧಿಕಾರಿಗಳನ್ನು ಎದುರು ಕೂರಿಸಿಕೊಂಡು ಒಂದೊಂದು ಪದಕ್ಕೂ ಲೆಕ್ಕ ಕೇಳಬಹುದು. ತೊಂಬತ್ತರ ದಶಕದಲ್ಲಿ ಇದಕ್ಕೆ ಮರಳಿ ಬೆಲೆ ಬಂತು. ಪಂಚಾಯಿತಿಗಳ 73ನೇ ತಿದ್ದುಪಡಿ ಜಂಟಿ ಸಮಿತಿಯ ಕೈ ಹಾದು ಬಂತು. 1993ರಲ್ಲಿ ಇಲಾಖಾವಾರು ಸ್ಥಾಯಿ ಸಮಿತಿಗಳು ಹುಟ್ಟಿದವು. ಎಚ್.ಡಿ. ದೇವೇಗೌಡರ ಸರ್ಕಾರ 1996ರ ಸೆಪ್ಟೆಂಬರ್‌ನಲ್ಲಿ ತಂದ ಮಹಿಳಾ ಮೀಸಲಾತಿ ಮಸೂದೆಯನ್ನು ಗೀತಾ ಮುಖರ್ಜಿಯವರ ಜಂಟಿ ಸಮಿತಿ ಡಿಸೆಂಬರ್ ವೇಳೆಗೆ ಪರಿಶೀಲಿಸಿ ಮುಗಿಸಿತು. ಹಿಂದುಳಿದ ವರ್ಗಗಳ ಮಹಿಳೆಯರ ಪ್ರಶ್ನೆಯನ್ನು ಅದು ಅಂದೇ ಎತ್ತಿತ್ತು. 2008ರ ಮಸೂದೆಯೂ ಸ್ಥಾಯಿ ಸಮಿತಿ ಕಂಡಿತು. ಕೊನೆಗೆ ಕಾಯ್ದೆಯಾದ 2023ರ ಮಸೂದೆ ಮಾತ್ರ ಯಾವ ಸಮಿತಿಯನ್ನೂ ಕಾಣಲಿಲ್ಲ. ಜನಗಣತಿ ಮತ್ತು ಕ್ಷೇತ್ರ ಪುನರ್ವಿಂಗಡಣೆ ಮುಗಿದ ಮೇಲೆಯೇ ಮೀಸಲಾತಿ ಎಂಬ ಹೊಸ ಷರತ್ತು ಸೇರಿದ್ದು ಅದರಲ್ಲೇ. ಇಷ್ಟು ಕಾದ ಹೆಣ್ಣುಮಕ್ಕಳ ಮುಂದೆ ಮತ್ತೊಂದು ಕಾಯುವಿಕೆಯನ್ನು ಇಡುವಾಗ ಅದನ್ನು ಸಮಿತಿಯೊಂದು ಪ್ರಶ್ನಿಸಬೇಕಿತ್ತು. 2019ರ ಜನವರಿಯಲ್ಲಿ ಆರ್ಥಿಕವಾಗಿ ದುರ್ಬಲರ ಮೀಸಲಾತಿಗೂ ಹೀಗೇ ಆಯಿತು: 8ರಂದು ಲೋಕಸಭೆ, 9ರಂದು ರಾಜ್ಯಸಭೆ.

ಸಮಿತಿಗೆ ಕಳಿಸಿದರೆ ಸಾಕು ಎಂದೂ ನಾನು ಹೇಳಲಾರೆ. ಹಿಂದುಳಿದ ವರ್ಗಗಳ ಆಯೋಗಕ್ಕೆ ಸಾಂವಿಧಾನಿಕ ಸ್ಥಾನ ಕೊಡುವ ಮಸೂದೆ 2017ರಲ್ಲಿ ರಾಜ್ಯಸಭೆಯ ಆಯ್ಕೆ ಸಮಿತಿಗೆ ಹೋಯಿತು. ಹಿಂದುಳಿದ ವರ್ಗಗಳ ಪಟ್ಟಿ ಮಾಡುವ ರಾಜ್ಯಗಳ ಅಧಿಕಾರ ಇದರಿಂದ ಹೋಗುತ್ತದೆಯೇ ಎಂಬ ಶಂಕೆ ಅಲ್ಲಿ ಎದ್ದಿತ್ತು. ಹೋಗುವುದಿಲ್ಲ ಎಂಬ ಭರವಸೆ ವರದಿಯಲ್ಲಿ ದಾಖಲಾಯಿತು, ವಿಧಿಯ ಒಳಗೆ ಬರಲಿಲ್ಲ. ಮರಾಠಾ ಮೀಸಲಾತಿ ಪ್ರಕರಣದಲ್ಲಿ 2021ರ ಮೇ 5ರಂದು ಇದೇ ಪ್ರಶ್ನೆ ಐವರು ನ್ಯಾಯಮೂರ್ತಿಗಳ ಮುಂದಿತ್ತು. ಅಶೋಕ್ ಭೂಷಣ್ ಮತ್ತು ನಮ್ಮ ಕರಾವಳಿಯ ಎಸ್. ಅಬ್ದುಲ್ ನಜೀರ್ ಸಮಿತಿಯ ವರದಿಗೆ ಬೆಲೆ ಕೊಟ್ಟು ರಾಜ್ಯಗಳ ಅಧಿಕಾರ ಉಳಿದಿದೆ ಎಂದರು. ಉಳಿದ ಮೂವರು ವಿಧಿಯಲ್ಲಿ ಬರೆದದ್ದನ್ನೇ ಓದಿದರು. ಕರ್ನಾಟಕವೂ ಸೇರಿ ಎಲ್ಲ ರಾಜ್ಯಗಳ ಅಧಿಕಾರ ಆ ದಿನ ಇಲ್ಲವಾಯಿತು. ನಾಲ್ಕು ವರ್ಷ ಮೊದಲೇ ಸಮಿತಿಯ ಮೇಜಿನ ಮೇಲಿದ್ದ ಮಾತನ್ನು ವಿಧಿಯೊಳಗೆ ಬರೆಯಲು ಆಗಸ್ಟ್‌ನಲ್ಲಿ 105ನೇ ತಿದ್ದುಪಡಿ ಬರಬೇಕಾಯಿತು.